ಬೆಂಗಳೂರಿನ ಗುಂಡಿಗಳಿಗೆ ಸಜ್ಜಾದ ಚಕ್ರ ಲಂಕೆಯ ರಸ್ತೆಯಲ್ಲಿ

ಶಿವಾಜಿನಗರ

ವಿದೇಶ ಪ್ರವಾಸದ ಕಥೆ ವಿಮಾನ ನಿಲ್ದಾಣದಿಂದ ಆರಂಭವಾಗಬೇಕೆಂದು ಓದುಗರು ನಿರೀಕ್ಷಿಸಿದರೆ ತಪ್ಪಿಲ್ಲ. ನಮ್ಮ ಶ್ರೀಲಂಕಾ ಪ್ರವಾಸ ಮಾತ್ರ ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯ ಸೈಕಲ್ ಅಂಗಡಿಯೊಂದರಲ್ಲಿ, ಅಣ್ಣತಮ್ಮಂದಿರ ಜಗಳದ ಮಧ್ಯೆ ಆರಂಭವಾಯಿತು.

ನನ್ನದು ಮೌಂಟನ್ ಬೈಕ್. ಅದನ್ನು ಕೊಂಡದ್ದು ಬೆಟ್ಟ ಹತ್ತುವುದಕ್ಕಲ್ಲ, ಹಲಸೂರಿನ ಮನೆಯಿಂದ ಗರುಡಾಚಾರ್‌ಪಾಳ್ಯದ ಕಚೇರಿಗೆ ಹೋಗಿ ಬರುವುದಕ್ಕೆ. ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕಾನೂನಿನ ತಿಳಿವಳಿಕೆ ಕೊಡುವುದು ನನ್ನ ಕೆಲಸ. ಮಹಾನಗರದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗಲು ಬೆಟ್ಟಗುಡ್ಡಗಳಿಗಾಗಿ ತಯಾರಾದ ವಾಹನವೇ ಬೇಕಾಗುತ್ತದೆ ಎಂಬುದು ಸಣ್ಣ ಅನ್ಯಾಯವಲ್ಲ. ಈ ಬಗ್ಗೆ ನಾನು ಬರೆದ ಅರ್ಜಿಗಳು ಯಾವ ಯಾವ ಮೇಜಿನ ಮೇಲೆ ಧೂಳು ಹಿಡಿದಿವೆಯೋ ತಿಳಿಯದು.

ಲಂಕೆಯಲ್ಲಿ ಸಮುದ್ರತೀರದ ನೆಗೊಂಬೊದಿಂದ ಗುಡ್ಡಗಾಡಿನ ಕ್ಯಾಂಡಿಯವರೆಗೆ ಸೈಕಲ್ಲಿನಲ್ಲೇ ಹೋಗುವುದೆಂದು ನಾನೂ ನಾಗವೇಣಿಯೂ ನಿಶ್ಚಯಿಸಿದ್ದೆವು. ನಾಗವೇಣಿ ಹುಬ್ಬಳ್ಳಿಯವಳು. ನನ್ನ ಕಚೇರಿಯ ಎದುರಿನ ಕಂಪನಿಯೊಂದರಲ್ಲಿ ಉದ್ಯೋಗಿ. ಕೆ.ಆರ್. ಪುರದ ಫುಟ್‌ಪಾತ್ ಹೋರಾಟದಲ್ಲಿ ನನಗೆ ಸಿಕ್ಕ ಗೆಳತಿ. ಅಲ್ಲಿಯ ರಸ್ತೆಗಳು ನುಣುಪಾಗಿವೆ ಎಂದು ಕೇಳಿದ್ದರಿಂದ ನನ್ನ ಸೈಕಲ್ಲಿನ ಗುಬಟು ಗುಬಟಾದ ದಪ್ಪ ಟೈರುಗಳನ್ನೂ ಸವೆದ ರಿಮ್ಮುಗಳನ್ನೂ ತೆಗೆದು, ಟಾರು ರಸ್ತೆಗೆ ಒಗ್ಗುವ, ಬಹುಕಾಲ ಬಾಳುವ ಚಕ್ರಗಳನ್ನು ಹಾಕಿಸಲು ಅಂಗಡಿಗೆ ಹೋದೆ.

ಅಂಗಡಿಯ ಅಣ್ಣ ಶಬ್ಬೀರ್ ಭಾಯ್. ಬಾಗಿಲ ಪಕ್ಕದ ಮರದ ಬೆಂಚಿನ ಮೇಲೆ ಕುಳಿತು ಚಕ್ರದ ನಡುವಿನ ಹಬ್ಬಿಗೂ ಅಂಚಿನ ರಿಮ್ಮಿಗೂ ಕೈಯಿಂದಲೇ ಸ್ಪೋಕ್ ಹೆಣೆದು ಚಕ್ರ ಕಟ್ಟುವವರು. ತಮ್ಮ ನಯಾಜ್ ಕೌಂಟರ್ ನೋಡಿಕೊಳ್ಳುವವನು. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಚಕ್ರಗಳ ಮೇಲೆ ಅವನ ವಿಶ್ವಾಸ.

“ಇದು ನೋಡಿ ಮೇಡಂ, ರೆಡಿಮೇಡ್. ಸ್ಪೋಕು ಕಮ್ಮಿ, ತೂಕ ಕಮ್ಮಿ, ಲುಕ್ ಜಾಸ್ತಿ,” ಎಂದು ನಯಾಜ್ ಕಪ್ಪಗೆ ಹೊಳೆಯುವ ಜೋಡಿಯೊಂದನ್ನು ಕೌಂಟರಿನ ಮೇಲಿಟ್ಟ.

“ಒಂದು ಸ್ಪೋಕ್ ಮುರಿದರೆ?”

“ವೀಲೇ ಚೇಂಜ್ ಮಾಡ್ಬಿಡಿ. ಯಾಕೆ ತಲೆನೋವು?”

ಒಂದು ಕಡ್ಡಿ ಮುರಿದರೆ ಇಡೀ ಚಕ್ರವನ್ನು ಕಸಕ್ಕೆ ಎಸೆಯಿರಿ ಎಂಬ ಈ ಸಲಹೆಯಲ್ಲಿ ನಮ್ಮ ಕಾಲದ ಅರ್ಧ ಅಪರಾಧಗಳಿವೆ. ನಾನು ಓದಿದ ಶಾಲೆಯಲ್ಲಿ ಮುರಿದ ಕುರ್ಚಿಯನ್ನು ಮಕ್ಕಳೇ ಸರಿಮಾಡಬೇಕಿತ್ತು. ಆ ಶಿಕ್ಷಣವನ್ನು ಮರೆಯುವ ಉದ್ದೇಶ ನನಗಿರಲಿಲ್ಲ. ಎರಡು ಪದರದ ಗಟ್ಟಿ ರಿಮ್ಮು, ತುಕ್ಕು ಹಿಡಿಯದ ಸ್ಪೋಕು, ಅದೂ ಮೂವತ್ತಾರು, ನುಣುಪು ಮೈಯ, ಬದಿ ದಪ್ಪಗಿರುವ, ಮೊದಲಿನದಕ್ಕಿಂತ ಸಪೂರವಾದ ಟೈರು. ಇಷ್ಟನ್ನು ಶಬ್ಬೀರ್ ಭಾಯ್ ಮುಂದೆ ಹೇಳಿದೆ.

ಅವರು ತಲೆಯಾಡಿಸುವಷ್ಟರಲ್ಲಿ ನಯಾಜ್ ನಡುವೆ ಬಾಯಿ ಹಾಕಿದ. “ಕಟ್ಟಿಸ್ಕೊಳ್ಳಿ ಮೇಡಂ, ಲಾಸ್ಟ್ ಜೋಡಿ. ಈ ಬೆಂಚು ಎತ್ತಿಸ್ತಾ ಇದೀನಿ. ಗ್ಲಾಸ್ ಶೆಲ್ಫ್ ಬರತ್ತೆ ಇಲ್ಲಿ. ಹೆಲ್ಮೆಟು, ಲೈಟು ಇಡ್ಬೇಕು.”

“ನನ್ನನ್ನೂ ಆ ಶೆಲ್ಫ್‌ನಲ್ಲೇ ಇಡು,” ಎಂದರು ಶಬ್ಬೀರ್ ಭಾಯ್, ಕಣ್ಣೆತ್ತದೆ.

“ನಕ್ಕೋ ಭಾಯ್ಜಾನ್, ಕಾಮಿಡಿ ಬೇಡ. ಕೈಯಲ್ಲಿ ಕಟ್ಟಿದ್ದು ಈಗ ಯಾರಿಗೆ ಬೇಕು?”

ಕೈಕಸುಬೊಂದು ಗಾಜಿನ ಕಪಾಟಿಗೆ ಜಾಗ ಬಿಟ್ಟುಕೊಡುವುದನ್ನು ನೋಡುತ್ತ ಸುಮ್ಮನಿರುವುದು ನನ್ನಿಂದಾಗಲಿಲ್ಲ. ವಾದ ಮಾಡಿದೆ. ಉಪನ್ಯಾಸವೇ ಆಯಿತೆಂದು ನಾಗವೇಣಿ ಅನಂತರ ಹೇಳಿದಳು. ಕೊನೆಗೆ ನಯಾಜ್ ಕೈಮುಗಿದು ಒಂದು ಷರತ್ತು ಹಾಕಿದ: ಈ ಚಕ್ರಗಳು ಲಂಕೆಯಲ್ಲಿ ಹೋಗಿ ಬರಲಿ. ದಾರಿಯಲ್ಲಿ ಕೈಕೊಡದೆ, ತಿರುಚಿಕೊಳ್ಳದೆ ಹಿಂತಿರುಗಿದರೆ ಬೆಂಚು ಉಳಿಯುತ್ತದೆ. ಇಲ್ಲವಾದರೆ ಬಡಗಿ ಬರುತ್ತಾನೆ. ಶಬ್ಬೀರ್ ಭಾಯ್ ಕೈಗೆತ್ತಿಕೊಂಡಿದ್ದ ರಿಮ್ಮನ್ನು ಮತ್ತೆ ಕೆಳಗಿಟ್ಟು, ಒಳಗಿಂದ ಬೇರೊಂದನ್ನು ಆರಿಸಿ ತಂದರು.

ಚಕ್ರ ಸಿದ್ಧವಾದ ದಿನ ನಯಾಜನೇ ಟೈರು ಏರಿಸಿಕೊಟ್ಟ. ಮನಸ್ಸಿನಲ್ಲಿ ಕಲ್ಮಷವಿಟ್ಟುಕೊಳ್ಳುವವನಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಹಿಂದಿನ ಟೈರಿನೊಳಗೆ ಮುಳ್ಳು ಚುಚ್ಚದಂತೆ ತಡೆಯುವ ಗಟ್ಟಿ ಪ್ಲಾಸ್ಟಿಕ್ಕಿನ ಲೈನರ್ ಪಟ್ಟಿಯೊಂದನ್ನು ಸುತ್ತಿ ಹಾಕಿದ. “ನಮ್ ರೋಡಿಗೆ ಇದಿಲ್ದೆ ಆಗಲ್ಲ ಮೇಡಂ. ನನ್ನ ಕಡೆಯಿಂದ ಗಿಫ್ಟು.” ಬೆಂಗಳೂರಿನ ಪೂರ್ವಭಾಗದಲ್ಲಿ ಸೈಕಲ್ ಹೊಡೆಯುವವರೆಲ್ಲ ಅದನ್ನು ಹಾಕಿಸುತ್ತಾರೆ. ನಾನೂ ಸಂತೋಷದಿಂದ ಒಪ್ಪಿದೆ.

ನೆಗೊಂಬೊ

ಲಂಕೆಯಲ್ಲಿ ನನ್ನನ್ನು ಮೊದಲು ಕೆರಳಿಸಿದ್ದು ಅಕ್ಷರಗಳು. ಸಿಂಹಳದ ಬರಹ ನಮ್ಮ ಕನ್ನಡದಷ್ಟೇ ದುಂಡಗಿದೆ. ಬೋರ್ಡು ದೂರದಿಂದ ಕಂಡಾಗ ಓದಿಬಿಡಬಹುದೆನ್ನಿಸುತ್ತದೆ. ಹತ್ತಿರ ಹೋದರೆ ಒಂದಕ್ಷರವೂ ಕೈಗೆ ಹತ್ತುವುದಿಲ್ಲ. ನಮ್ಮ ಮನೆಯ ಬಾಗಿಲೆಂದುಕೊಂಡು ನೆರೆಯವರ ಮನೆಗೆ ಬೀಗದ ಕೈ ಹಾಕಿದಂತಹ ಕಸಿವಿಸಿ. ನಾಗವೇಣಿ ಮಾತ್ರ ಪಟ್ಟು ಬಿಡದೆ ಪ್ರತಿ ಅಂಗಡಿಯ ಮುಂದೆಯೂ ನಿಂತಳು.

“ಇದು ‘ಟ’ ಐತ್ರೀ ಅಕ್ಕಾರ, ಖರೇನ. ಅದರ ಬಾಲ ಒಂದೀಟು ಸೊಟ್ಟಗೈತಿ, ಅಷ್ಟ.”

“ಅದು ‘ಟ’ ಅಲ್ಲ, ನಾಗವೇಣಿ. ನಡಿ.”

ಎರಡನೆಯದು ರಸ್ತೆ ದಾಟುವ ವಿಚಾರ. ಇಲ್ಲಿ ಹಳದಿ ಪಟ್ಟೆಗಳ ಬಳಿ ಪಾದಚಾರಿ ಕಾಲಿಟ್ಟರೆ ವಾಹನಗಳು ನಿಲ್ಲುತ್ತವೆ. ಬಸ್ಸೂ ನಿಲ್ಲುತ್ತದೆ! ಮೊದಲ ಸಲ ನಿಂತಾಗ ನಾವಿಬ್ಬರೂ ಬಸ್ಸಿಗೆ ಏನೋ ಆಗಿದೆಯೆಂದುಕೊಂಡು ದಡದಲ್ಲೇ ಉಳಿದೆವು. ಚಾಲಕ ಕೈಬೀಸಿ ಕರೆದ. ನಾವು “ನೀವು ಹೋಗಿ” ಎಂದು ಕೈಬೀಸಿದೆವು. ಹಿಂದೆ ವಾಹನಗಳ ಸಾಲು ಬೆಳೆಯಿತು. ಒಬ್ಬರೂ ಹಾರನ್ ಮಾಡಲಿಲ್ಲ. ಕೊನೆಗೆ ವೃದ್ಧೆಯೊಬ್ಬರು ನನ್ನ ಮುಂಗೈ ಹಿಡಿದು ಆಚೆಗೆ ದಾಟಿಸಿದರು. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಜೀವ ಅಂಗೈಯಲ್ಲಿ ಹಿಡಿದು ದಾಟುವ ತಾಯಂದಿರು ನೆನಪಾದರು. ಇಲ್ಲಿಯವರು ನಮಗಿಂತ ಒಳ್ಳೆಯವರೆಂದು ನಾನು ನಂಬುವುದಿಲ್ಲ. ಒಂದು ನಿಯಮವನ್ನು ಎಲ್ಲರೂ ಪಾಲಿಸುತ್ತಾರೆಂಬ ಭರವಸೆ ಅವರಿಗಿದೆ, ನಮಗಿಲ್ಲ. ಆ ಭರವಸೆಯನ್ನು ನಮ್ಮಿಂದ ಕಸಿದುಕೊಂಡವರು ಉತ್ತರ ಕೊಡಬೇಕು.

ಆದರೆ ಹೊಗಳಿಕೆ ಇಲ್ಲಿಗೆ ಸಾಕು. ಅದೇ ಮಧ್ಯಾಹ್ನ ಊಟದ ತಟ್ಟೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಅನ್ನ ಬಡಿಸಿದರು. ತಟ್ಟೆ ತೊಳೆಯದಿರಲು ಮಾಡಿಕೊಂಡ ಉಪಾಯ! ಹಾಳೆ ಬೇಡವೆಂದು ನಾನು ಸನ್ನೆಯಿಂದ ತಿಳಿಸಿದಾಗ, ತಟ್ಟೆ ಕೊಳಕಾಗಿದೆ ಎಂದು ಆಕ್ಷೇಪಿಸುತ್ತಿದ್ದೇನೆಂದು ಭಾವಿಸಿದ ಹೋಟೆಲಿನಾಕೆ ಬಹಳ ನೊಂದುಕೊಂಡು, ಇನ್ನೂ ಒಂದು ಹಾಳೆ ಹಾಸಿದಳು.

ಕುರುನೇಗಲ

ನೆಗೊಂಬೊದಿಂದ ಒಳನಾಡಿಗೆ ಹೊರಟ ದಾರಿ ಸುಖಮಯವಾಗಿತ್ತು. ತೆಂಗಿನ ತೋಪುಗಳ ನಡುವೆ ಟಾರು ಒಂದು ಬಿರುಕೂ ಇಲ್ಲದೆ ಮಲಗಿತ್ತು. ಅದರ ಅಂಚಿಗೆ ಬಿಳಿಗೆರೆ, ಗೆರೆಯಾಚೆ ಸೈಕಲ್ಲಿಗೆ ಸಾಲುವಷ್ಟು ಜಾಗ. ಎದುರು ಸಿಕ್ಕವರೆಲ್ಲ “ಕೊಹೆದ ಯನ್ನೆ?” ಎನ್ನುತ್ತಿದ್ದರು. ಎಲ್ಲಿಗೆ ಹೊರಟಿರಿ ಎಂಬ ಅರ್ಥ. ಅದು ವಿಚಾರಣೆಯಲ್ಲ, ನಮ್ಮ “ಊಟ ಆಯ್ತಾ” ಇದ್ದಂತೆ ಕುಶಲದ ಮಾತೆಂದು ತಿಳಿಯುವ ಮೊದಲು ನಾನು ಹಲವರಿಗೆ ಪೂರ್ತಿ ಮಾರ್ಗವನ್ನು ವಿವರಿಸಿದ್ದೆ.

ಕುರುನೇಗಲ ಇನ್ನೇನು ಬಂತೆನ್ನುವಾಗ ನನ್ನ ಹಿಂದಿನ ಚಕ್ರ ನೆಲಕ್ಕಂಟಿತು.

ಮುಳ್ಳಿಲ್ಲ, ಗಾಜಿಲ್ಲ. ರಸ್ತೆಯಂತೂ ಒರೆಸಿದ ನೆಲದಷ್ಟು ಸ್ವಚ್ಛ. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬ್ ಎಳೆದು, ತೇಪೆ ಹಾಕಿ, ಮರಳಿ ತುರುಕಿದ. ಮರುದಿನ ದಂಬುಲ್ಲದ ದಾರಿಯಲ್ಲಿ ಅದೇ ಚಕ್ರ ಮತ್ತೆ ಕುಸಿಯಿತು. ಮತ್ತೊಂದು ಅಂಗಡಿ, ಮತ್ತೊಂದು ತೇಪೆ.

ನಾಗವೇಣಿಯ ಸೈಕಲ್ಲು ತೀರ ಸಾಧಾರಣವಾದದ್ದು. ತೆಳ್ಳನೆಯ ಟೈರುಗಳು, ಒಳಗೆ ಯಾವ ಪಟ್ಟಿಯೂ ಇಲ್ಲ. ಅದಕ್ಕೆ ಏನೂ ಆಗಲಿಲ್ಲ. ಅದನ್ನವಳು ನನಗೆ ಮರೆಯಗೊಡಲೂ ಇಲ್ಲ.

“ನಂದು ಸಂತಿಗೆ ಹೋಗೋ ಸೈಕಲ್ಲು ಅಂತ ನಕ್ಕಿದ್ರಲ್ರೀ? ಒಂದರ ಪಂಕ್ಚರ್ ಆಗೇತೇನು? ನಿಮ್ಮದು ಮದಲಗಿತ್ತಿ ಇದ್ದಂಗ, ಹತ್ತು ಹೆಜ್ಜಿ ಹಾಕಿ ಕುಂದರ್ತೇತಿ.”

ದಂಬುಲ್ಲ

ನಯಾಜ್ ದಿನವೂ ಫೋನಿನಲ್ಲಿ ಧ್ವನಿ ಸಂದೇಶ ಕಳುಹಿಸುತ್ತಿದ್ದ: “ಮೇಡಂ, ವೀಲ್ ಹೆಂಗಿದೆ?” ಪಂಕ್ಚರಿನ ವಿಚಾರ ತಿಳಿಸದೆ ಬಿಡಬಹುದಿತ್ತು. ಷರತ್ತಿನಲ್ಲಿ ಪಂಕ್ಚರ್ ಎಂಬ ಮಾತೇ ಇರಲಿಲ್ಲ. ಆದರೆ ಅಧಿಕಾರಿಗಳಿಂದ ಮಾಹಿತಿಯ ಪಾರದರ್ಶಕತೆ ಕೇಳುವ ನಾನು ಅಂಗಡಿಯವನಿಂದ ಮಾಹಿತಿ ಮುಚ್ಚಿಡುವುದು ಹೇಗೆ? ಇದ್ದದ್ದನ್ನು ಇದ್ದಂತೆ ಹೇಳಿದೆ.

ಉತ್ತರ ತಕ್ಷಣ ಬಂತು. “ನಾನ್ ಹೇಳಿರ್ಲಿಲ್ವಾ ಮೇಡಂ? ಕೈಯಲ್ಲಿ ಕಟ್ಟಿದ ವೀಲು. ಸ್ಪೋಕಿನ ಮೊನೆ ರಿಮ್ ಒಳಗಡೆ ಮೇಲೆ ಬಂದಿರತ್ತೆ, ಟ್ಯೂಬ್ ಚುಚ್ಚತ್ತೆ. ಭಾಯ್ಜಾನ್‌ಗೆ ಈಗ ಕಣ್ಣೂ ಸರಿಯಾಗಿ ಕಾಣಲ್ಲ, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ನೀವು ಬೇಜಾರ್ ಮಾಡ್ಕೋಬೇಡಿ. ಶುಕ್ರವಾರ ನಮಾಜ್ ಆದ್ಮೇಲೆ ಬಡಗೀನ ಬರೋಕೆ ಹೇಳ್ತೀನಿ.”

ದಂಬುಲ್ಲದಲ್ಲಿ ಬಂಡೆಯ ಗುಹೆಗಳೊಳಗೆ ಬುದ್ಧನ ವಿಗ್ರಹಗಳಿವೆ. ಸಾಲುಸಾಲಾಗಿ ಕುಳಿತ, ಮಲಗಿದ ಆ ಪ್ರಶಾಂತ ಮುಖಗಳ ಮುಂದೆ ನಾನು ಸ್ಪೋಕಿನ ಮೊನೆಗಳನ್ನು ಕುರಿತು ಯೋಚಿಸುತ್ತ ನಿಂತಿದ್ದೆ. ಶಬ್ಬೀರ್ ಭಾಯ್ ಕಣ್ಣಿನ ಬಗ್ಗೆ ನಯಾಜ್ ಹೇಳಿದ್ದು ನಿಜವಾಗಿದ್ದರೆ? ಮುಂಗಟ್ಟಿನ ಮಂದ ಬೆಳಕಿನಲ್ಲಿ ಅವರು ಚಕ್ರವನ್ನು ಮುಖಕ್ಕೆ ಬಹಳ ಹತ್ತಿರ ಹಿಡಿಯುತ್ತಿದ್ದುದು ನೆನಪಾಯಿತು. ದುಡಿದು ಕಣ್ಣು ಕಳೆದುಕೊಳ್ಳುವವರಿಗೆ ಈ ದೇಶಗಳಲ್ಲಿ ಯಾವ ಭದ್ರತೆಯಿದೆ? ನನ್ನ ಒಂದು ಪ್ರವಾಸಕ್ಕಾಗಿ ಆ ಮನುಷ್ಯನನ್ನು ನಾನೇ ಪರೀಕ್ಷೆಗೆ ಕೂರಿಸಿದ್ದೆನಲ್ಲ!

“ದೇವರ ಮುಂದ ಹಿಂಗ ಮಾರಿ ಗಂಟ್ ಹಾಕ್ಕೊಂಡು ನಿಂದರಬಾರದ್ರೀ,” ಎಂದಳು ನಾಗವೇಣಿ. “ನೋಡಿದವರು ನೀವು ಬುದ್ಧನ ಮ್ಯಾಲೂ ಅರ್ಜಿ ಹಾಕಾಕ ಬಂದೀರಿ ಅಂತಾರ.”

ಮಾತಳೆ

ದಂಬುಲ್ಲದಿಂದ ದಕ್ಷಿಣಕ್ಕೆ ರಸ್ತೆ ಮೆಲ್ಲಗೆ ಏರತೊಡಗುತ್ತದೆ. ಮೆಣಸು, ಕೋಕೋ, ಜಾಯಿಕಾಯಿ ತೋಟಗಳು. ಪ್ರತಿ ತೋಟದ ಮುಂದೆ ಪ್ರವಾಸಿಗರನ್ನು ಹಿಡಿದು ಎಣ್ಣೆ ಮಾರುವವರು. ಮಾತಳೆ ಕಣ್ಣಿಗೆ ಬೀಳುವ ಮುನ್ನ, ಏರಿನ ನಟ್ಟನಡುವೆ, ಆ ಪರಿಚಿತ ‘ಉಸ್ಸ್’ ಕೇಳಿಸಿತು. ನಾನು ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ಪಕ್ಕದಲ್ಲೇ ಕುಳಿತೆ. ಹೇಳಲು ನಾಚಿಕೆಯಾಗುತ್ತದೆ, ಕಣ್ಣಲ್ಲಿ ನೀರು ಬಂದಿತ್ತು.

ಕೆಂದೆಳನೀರು ಮಾರುತ್ತಿದ್ದ ಹೆಂಗಸೊಬ್ಬಳು ತನ್ನ ಸ್ಟೂಲನ್ನು ನಮ್ಮ ಕಡೆಗೆ ತಿರುಗಿಸಿಕೊಂಡು, ನಾಟಕ ನೋಡುವವಳಂತೆ ಕುಳಿತಳು. ಈ ಸಲ ಹತ್ತಿರದಲ್ಲಿ ಅಂಗಡಿ ಇರಲಿಲ್ಲ. ಟ್ಯೂಬನ್ನು ನಾವೇ ಹೊರತೆಗೆಯಬೇಕಾಯಿತು. ನಾಗವೇಣಿ ಅದಕ್ಕೆ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತೂತು ಹುಡುಕಿದಳು.

“ಅಕ್ಕಾರ, ಸ್ಪೋಕು ಚುಚ್ಚಿದ್ರ ತೂತು ಯಾವ ಕಡೆ ಆಗಬೇಕು?”

“ರಿಮ್ಮಿನ ಕಡೆ. ಒಳಮೈಗೆ.”

“ಮತ್ತ ಇದು ಹೊರಮೈಗೈತಲ್ರೀ. ಟೈರಿನ ಕಡೆ. ಹಳೇ ತೇಪಿ ಎರಡೂ ಹೊರಮೈಗೇ ಅದಾವು, ನೋಡ್ರಿ. ಎಲ್ಲಾ ಒಂದ ಗೇಣಿನ್ಯಾಗ.”

ನಾನು ಕಣ್ಣೊರೆಸಿಕೊಂಡು ಎದ್ದೆ. ಮೊದಲು ರಿಮ್ಮಿನೊಳಗೆ ಸ್ಪೋಕಿನ ಮೊನೆಗಳನ್ನು ಮುಚ್ಚಿದ್ದ ರಬ್ಬರ್ ಪಟ್ಟಿ ಬಿಚ್ಚಿ ಸುತ್ತಲೂ ಬೆರಳಾಡಿಸಿದೆ. ಒಂದು ಮೊನೆಯೂ ಮೇಲಕ್ಕೆದ್ದಿರಲಿಲ್ಲ. ಸ್ಪೋಕುಗಳ ತುದಿಗಳೆಲ್ಲ ತಮ್ಮ ತಮ್ಮ ಕುಳಿಯೊಳಗೆ ವಿನಯದಿಂದ ಕುಳಿತಿದ್ದವು. ಆಮೇಲೆ ಟೈರಿನೊಳಕ್ಕೆ ಕೈ ಹಾಕಿದೆವು. ಲೈನರ್ ಪಟ್ಟಿಯ ಎರಡು ತುದಿಗಳು ಒಂದರ ಮೇಲೊಂದು ಏರಿದ್ದ ಕಡೆ ನನ್ನ ಬೆರಳು ತರಚಿತು. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಪ್ರತಿ ಸುತ್ತಿನಲ್ಲೂ ಟ್ಯೂಬಿನ ಮೈಯನ್ನು ಸವೆಸುತ್ತಿತ್ತು. ಈ ನುಣುಪು ರಸ್ತೆಯಲ್ಲಿ ನಾವು ವೇಗವಾಗಿ, ಎಲ್ಲೂ ನಿಲ್ಲದೆ ಸಾಗುತ್ತಿದ್ದುದರಿಂದ ಅದರ ಕೆಲಸ ಇನ್ನಷ್ಟು ಸಲೀಸಾಗಿತ್ತು. ಪಂಕ್ಚರ್ ತಡೆಯಲೆಂದು ಹಾಕಿದ ವಸ್ತುವೇ ಪಂಕ್ಚರ್ ಮಾಡುತ್ತಿತ್ತು!

ಆ ಪಟ್ಟಿಯನ್ನು ಎಳೆದು ಹೊರಗೆ ತೆಗೆದಾಗ ನನಗಾದ ಸಿಟ್ಟು ನಯಾಜನ ಮೇಲಿನದಲ್ಲ. ಅವನು ಪ್ರೀತಿಯಿಂದ ಹಾಕಿದ್ದ. ನಲ್ಲಿಯ ನೀರು ಕುಡಿಯಲಾಗದೆಂದು ಮನೆಗೊಂದು ಫಿಲ್ಟರ್, ಕರೆಂಟು ಇರುವುದಿಲ್ಲವೆಂದು ಮನೆಗೊಂದು ಯುಪಿಎಸ್, ಕೊಳವೆಯಲ್ಲಿ ನೀರೇ ಬಾರದೆಂದು ಬೀದಿಗೊಂದು ಟ್ಯಾಂಕರ್, ರಸ್ತೆ ಸರಿಯಿಲ್ಲವೆಂದು ಟೈರಿಗೊಂದು ಕವಚ. ಸಾರ್ವಜನಿಕ ಅನ್ಯಾಯಕ್ಕೆ ಖಾಸಗಿ ರಕ್ಷಾಕವಚ ತೊಡುವುದನ್ನು ನಾವು ಎಷ್ಟು ಚೆನ್ನಾಗಿ ಕಲಿತಿದ್ದೇವೆಂದರೆ, ಅನ್ಯಾಯವಿಲ್ಲದ ಊರಿಗೂ ಕವಚ ತೊಟ್ಟೇ ಹೋಗುತ್ತೇವೆ, ಅದು ಮೈ ಕೊರೆಯುತ್ತಿದ್ದರೂ ಅನುಮಾನಿಸುವುದು ಪಕ್ಕದ ಬಡಪಾಯಿಯ ಕೈಕೆಲಸವನ್ನು. ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಎಳನೀರಿನಾಕೆ ಮಾತು ತಿಳಿಯದಿದ್ದರೂ ಗಂಭೀರವಾಗಿ ತಲೆದೂಗಿ, ಕೇಳದೆಯೇ ಒಂದು ಕಾಯಿ ಕೆತ್ತಿಕೊಟ್ಟಳು.

ಪಟ್ಟಿಯನ್ನು ರಸ್ತೆಬದಿಗೆ ಎಸೆಯಲು ಮನಸ್ಸು ಬಾರದೆ ಚೀಲದೊಳಗೆ ಸುತ್ತಿಟ್ಟೆ.

ಕ್ಯಾಂಡಿ

ಅಲ್ಲಿಂದ ಮುಂದೆ ಚಕ್ರ ಒಮ್ಮೆಯೂ ಮುನಿಯಲಿಲ್ಲ. ಕ್ಯಾಂಡಿಯ ಕೆರೆಯ ದಂಡೆಯಲ್ಲಿ ಸುತ್ತು ಹಾಕಿದ ಬಳಿಕ, ಶಬ್ಬೀರ್ ಭಾಯ್ ಪರವಾಗಿ ಹೊರಗಿನವರ ಮಾತೊಂದು ಇರಲಿ ಎಂದು ಪೇಟೆಯ ಸೈಕಲ್ ಅಂಗಡಿಯೊಂದನ್ನು ಹುಡುಕಿದೆ. ಚಕ್ರ ಓರೆಯಾಗಿದೆಯೇ ನೋಡಿಕೊಡಿ ಎಂದು ಕೇಳಿದೆ. ಅಂಗಡಿಯಾತನಿಗೆ ಅಲ್ಪಸ್ವಲ್ಪ ತಮಿಳು ಬರುತ್ತಿತ್ತು, ನನಗೆ ಹಲಸೂರಿನ ತಮಿಳು. ನನ್ನ ಉಚ್ಚಾರ ಕೇಳಿ ಅವನು ನಗು ತಡೆಯಲಾರದೆ ತನ್ನ ಹೆಂಡತಿಯನ್ನೂ ಕೇಳಿಸಿಕೊಳ್ಳಲು ಕರೆದ.

ಚಕ್ರದ ಓರೆ ನೋಡುವ ಕಬ್ಬಿಣದ ಸ್ಟ್ಯಾಂಡ್ ಮೂಲೆಯಲ್ಲಿತ್ತು. ಅದರ ಮೇಲೆ ಮಳೆಕೋಟುಗಳು ಒಣಗುತ್ತಿದ್ದವು. ಅವನ್ನು ತೆಗೆದು, ಧೂಳು ಊದಿ, ನನ್ನ ಚಕ್ರವನ್ನು ಕೂರಿಸಿ ತಿರುಗಿಸಿದ. ಕೂದಲೆಳೆಯಷ್ಟೂ ಓರೆಯಿಲ್ಲ ಎಂದ. ಸ್ಟ್ಯಾಂಡಿಗೆ ಈಗ ಕೆಲಸವಿಲ್ಲವೇ ಎಂದು ಕೇಳಿದೆ. ರಸ್ತೆಗೆ ಕಾರ್ಪೆಟ್ ಹಾಕಿದ ಮೇಲೆ ಚಕ್ರ ಓರೆಯಾಯಿತೆಂದು ಬರುವವರು ಅಪರೂಪ ಎಂದ. ನುಣುಪಾದ ಟಾರನ್ನು ಇಲ್ಲಿಯವರು ಕಾರ್ಪೆಟ್ ಎನ್ನುತ್ತಾರೆ.

ಮತ್ತೆ ಶಿವಾಜಿನಗರ

ಶುಕ್ರವಾರಕ್ಕೆ ಮುಂಚೆಯೇ ನಾವು ಅಂಗಡಿಯಲ್ಲಿದ್ದೆವು. ನಾನು ಮಾತನಾಡುವ ಮೊದಲೇ ನಯಾಜ್ ಹಿಂದಿನ ಚಕ್ರವನ್ನು ಬಿಚ್ಚಿ, ಅಣ್ಣನ ಬೆಂಚಿನ ಸ್ಟ್ಯಾಂಡಿಗೆ ತಾನೇ ಏರಿಸಿದ. ಜೋರಾಗಿ ತಿರುಗಿಸಿ, ಉಗುರಿನ ತುದಿಯನ್ನು ರಿಮ್ಮಿನ ಅಂಚಿಗೆ ತೀರ ಹತ್ತಿರ ಹಿಡಿದ. ಓರೆಯಿದ್ದರೆ ಸುತ್ತಿಗೊಮ್ಮೆ ಉಗುರಿಗೆ ತಗುಲಿ ಟಿಕ್ಕೆನ್ನಬೇಕು. ಶಬ್ಬೀರ್ ಭಾಯ್ ಬೇರೆ ಕಡೆ ನೋಡುತ್ತಿದ್ದರು. ಚಕ್ರ ಸದ್ದಿಲ್ಲದೆ ತಿರುಗಿತು, ನಿಧಾನವಾಯಿತು, ನಿಂತಿತು.

ನಾನು ಲೈನರ್ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು, ತೂತು ಯಾವ ಮೈಗೆ ಬಿದ್ದಿತ್ತೆಂದು ತೋರಿಸಿದೆ. ನಯಾಜ್ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಭಾಯ್ಜಾನ್, ನಾನ್ ಹಾಕಿದ್ದೇ ಹೊಡೆದಿರೋದು.”

“ಗಿಫ್ಟು,” ಎಂದರು ಶಬ್ಬೀರ್ ಭಾಯ್.

“ಅರೆ, ಆಯ್ತು ಭಾಯ್, ತಪ್ಪಾಯ್ತು.” ಅವನು ನನ್ನ ಕಡೆ ತಿರುಗಿದ. “ಷರತ್ತು ಷರತ್ತೇ ಮೇಡಂ. ನೀವು ಗೆದ್ರಿ.”

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ವಿಷಯ ಬೆಂಚೊಂದರದಲ್ಲ, ನಾವು ಕವಚ ಬಿಟ್ಟು ರಸ್ತೆ ಕೇಳಬೇಕು ಎಂದು ನಾನು ವಿವರಿಸತೊಡಗಿದೆ. ಅಲ್ಲಿಯ ರಸ್ತೆ ಎಂಥದೆಂದು ಅರ್ಥವಾಗಲೆಂದು, ಕ್ಯಾಂಡಿಯ ಅಂಗಡಿಯ ಸ್ಟ್ಯಾಂಡಿನ ಮೇಲೆ ಮಳೆಕೋಟು ಒಣಗುತ್ತಿದ್ದುದನ್ನೂ ಹೇಳಿದೆ.

ನಯಾಜನ ಕಣ್ಣು ಹೊಳೆಯಿತು. “ಒಂದ್ನಿಮಿಷ ಮೇಡಂ. ನಿಮ್ ಅರ್ಜಿ ಪಾಸ್ ಆಗಿ ಇಲ್ಲೂ ಅದೇ ಥರ ರೋಡ್ ಬಂತು ಅಂತಿಟ್ಕೊಳ್ಳಿ. ಆಮೇಲೆ ಭಾಯ್ಜಾನ್ ಈ ಬೆಂಚಲ್ಲಿ ಏನ್ ಮಾಡ್ಬೇಕು? ಕೋಟ್ ಒಣಗಿಸ್ಬೇಕಾ? ನಿಮಗೆ ಬೆಂಚ್ ಬೇಕಾ, ರೋಡ್ ಬೇಕಾ?”

ನನ್ನ ಬಳಿ ಉತ್ತರವಿತ್ತು. ದುಡಿಯುವವನ ಕಸುಬೂ ನಡೆಯುವವನ ರಸ್ತೆಯೂ ಪರಸ್ಪರ ವೈರಿಗಳಲ್ಲ ಎಂದು ಆರಂಭಿಸಿದ್ದೆ. ಅಷ್ಟರಲ್ಲಿ ಶಬ್ಬೀರ್ ಭಾಯ್ ತಲೆಯೆತ್ತಿದರು.

“ರೋಡಾ?” ಎಂದರು. “ಇಲ್ಲಿ?”

ತಮ್ಮ ಅಣ್ಣನ ಮುಖ ನೋಡಿದ. ಅಣ್ಣ ತಮ್ಮನ ಮುಖ ನೋಡಿದರು. ಮೊದಲು ನಯಾಜನ ಭುಜ ಅಲುಗಿತು, ಆಮೇಲೆ ಶಬ್ಬೀರ್ ಭಾಯ್ ಗಡ್ಡ. ಇಬ್ಬರೂ ನಗಲಾರಂಭಿಸಿದರು. ಬೆಂಚಿನ ಎರಡು ತುದಿ ಹಿಡಿದುಕೊಂಡು, ಉಸಿರು ಸಿಗದಷ್ಟು ನಕ್ಕರು. ನಾಗವೇಣಿಯೂ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ನಯಾಜ್ ಕಣ್ಣೊರೆಸಿಕೊಳ್ಳುತ್ತಲೇ ಬಡಗಿಗೆ ಫೋನ್ ಮಾಡಿದ.

“ಬರಬೇಡಪ್ಪಾ. ಹೂಂ, ಕ್ಯಾನ್ಸಲ್. ಇಲ್ಲ, ಮುಂದಿನ ವಾರಾನೂ ಬೇಡ. ನಮ್ ಮೊಮ್ಮಕ್ಕಳ ಕಾಲಕ್ಕೂ ಬೆಂಚಿಗೆ ಕೆಲಸ ಇದೆ ಅಂತ ಮೇಡಂ ಲಂಕಾಕ್ಕೆ ಹೋಗಿ ಕೇಳ್ಕೊಂಡ್ ಬಂದಿದಾರೆ.”

ಬೆಂಚು ಉಳಿಯಿತು. ಅದನ್ನು ಉಳಿಸಿದ್ದು ನಾನು ಕಟ್ಟಿಸಿದ ಚಕ್ರವಲ್ಲ, ನನ್ನ ವಾದವೂ ಅಲ್ಲ. ನಮ್ಮ ರಸ್ತೆಗಳು ಎಂದೆಂದಿಗೂ ಸರಿಹೋಗುವುದಿಲ್ಲ ಎಂದು ಆ ಇಬ್ಬರಿಗಿದ್ದ ಅಚಲವಾದ ನಂಬಿಕೆ. ಅಷ್ಟು ವರ್ಷ ಒಂದೇ ಅಂಗಡಿಯಲ್ಲಿ ಕಿತ್ತಾಡಿದವರು ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ವಿಷಯದಲ್ಲಿ.